ನಮ್ಮ ಸೈಟಿನ ಗುದ್ದಲಿ ಪೂಜೆ

ಮದುವೆಯಾಗಿ ಗುಂಡ್ಲುಪೇಟೆಗೆ ಬಂದಾಗಿನಿಂದ ನಾವು ಪುಟ್ಟತಾಯಮ್ಮನವರ ಬಾಡಿಗೆ ಮನೆಯಲ್ಲೇ ಇದ್ದವರು. ಪುಟ್ಟತಾಯಮ್ಮ ಒಳ್ಳೆಯವರೇ. ನೆಗಡಿಯಾದರೆ ಮೆಣಸಿನ ಸಾರು ಕಳಿಸುವವರು. ಅವರದು ಒಂದೇ ಕಾನೂನು: ಗೋಡೆಗೆ ಮೊಳೆ ಹೊಡೆಯಕೂಡದು! ಹಾಗಾಗಿ ನಮ್ಮ ಕ್ಯಾಲೆಂಡರು ಕಿಟಕಿಯ ಸರಳಿಗೆ ನೇತಾಡುತ್ತಿತ್ತು. ದೇವರ ಪಟ ಅಕ್ಕಿ ಡಬ್ಬದ ಮೇಲೆ ಕೂತಿತ್ತು. ನಾನು ತಾಳ್ಮೆಗೆ ಹೆಸರಾದವಳು. ತಾಳಿಕೊಂಡಿದ್ದೆ.

ಆಗಷ್ಟೇ ಚಾಮರಾಜನಗರ ಜಿಲ್ಲೆಯಾಗಿತ್ತು. ಬಸ್ಸಿನಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಎಲ್ಲಿ ಹೋದರೂ ಸೈಟಿನದೇ ಮಾತು. ಅಂಥ ದಿನಗಳಲ್ಲಿ, ಅಲ್ಲಿಯ ಕಂಪ್ಯೂಟರ್ ಸೆಂಟರೊಂದರಲ್ಲಿ ಕೆಲಸಕ್ಕಿದ್ದ ನನ್ನ ತಮ್ಮ ಸಿದ್ದರಾಜು ಪುಟ್ಟತಾಯಮ್ಮನವರ ಮನೆಗೆ ಫೋನ್ ಮಾಡಿ ನನ್ನನ್ನು ಕರೆಸಿದ.

"ಅಕ್ಕೋ, ನಿನ್ನೆಸ್ರಲ್ಲಿ ಒಂದು ಸೈಟ್ ಮಾಡ್ಬುಟ್ಟಿವ್ನಿ ಕಣಕ್ಕ! ಪೂರ್ತಿ ಫ್ರೀ!"

ನಾನು ರಿಸೀವರನ್ನು ಕಿವಿಗೆ ಒತ್ತಿಕೊಂಡೆ. "ದೊಡ್ಡದೇನೋ?"

"ಸದ್ಯಕ್ಕೆ ಚಿಕ್ದು. ಆಮೇಲೆ ಬೇಕಾರೆ ಇನ್ನೊಸಿ ಜಾಗ ಕೊಟ್ಟಾರು. ಅಡ್ರೆಸ್ಸೂ ಬಂದದೆ. ಹೋಮೊಂದು ಆಗ್ಬುಟ್ರೆ..."

"ಹೋಮ ಎಲ್ಲಾ ಬ್ಯಾಡ ಕಣೋ, ಗುದ್ದಲಿ ಪೂಜೆ ಸಾಕು! ಶುಕ್ರವಾರ ಬತ್ತೀವಿ!"

ಲೈನು ಕಟ್ಟಾಯಿತು. ಕಟ್ಟಾಗದಿದ್ದರೆ ಮುಂದಿನ ಅನಾಹುತವೇ ನಡೆಯುತ್ತಿರಲಿಲ್ಲ.

ಸೈಟಿಗೆ ಹಾಕುವ ಅರ್ಜಿಗಳೆಲ್ಲ ಟೈಪಾಗುವುದು ಅವನ ಸೆಂಟರಿನಲ್ಲೇ ತಾನೆ? ನಡುವೆ ಅಕ್ಕನದೂ ಒಂದನ್ನು ತೂರಿಸಿದ್ದಾನೆ! ಹೀಗೆಂದು ತೀರ್ಮಾನಿಸಿ ಮನೆಗೆ ಬಂದವಳೇ ಮಾಡಿದ ಮೊದಲ ಕೆಲಸವೆಂದರೆ, ರುಬ್ಬುವ ಗುಂಡು ತೆಗೆದುಕೊಂಡು ನಡುಮನೆಯ ಗೋಡೆಗೆ ಒಂದು ಮೊಳೆ ಹೊಡೆದದ್ದು. ಧಣ್! ಧಣ್! ಆಹಾ, ಆ ಸದ್ದಿನ ಸುಖವೇ!

ಪುಟ್ಟತಾಯಮ್ಮ ಓಡಿ ಬಂದರು. "ಇದೇನಮ್ಮಿ, ನನ್ ಗ್ವಾಡೆಗೆ ಮೊಳೆ?"

"ನಮ್ಗೆ ನಗರದಲ್ಲಿ ಸೈಟಾಯ್ತು ಪುಟ್ಟತಾಯಮ್ಮೋರೇ. ಶೆಡ್ ಹಾಕ್ಕಂಡಾದ್ರೂ ಅಲ್ಲೇ ಇರ್ತೀವಿ. ಮುಂದಿನ ತಿಂಗ್ಳು ಮನೆ ಖಾಲಿ!"

"ಹಂಗಾರೆ ಉಡಿಗಾಲದಲ್ಲಿರೋ ನನ್ ತಂಗಿ ಮಗ್ಳಿಗೆ ಕೊಟ್ಬುಡ್ಲಾ?"

"ಕೊಟ್ಬುಡಿ!" ಎಂದೆ, ಭೂಮಾಲೀಕಳ ಗತ್ತಿನಲ್ಲಿ.

ನಮ್ಮ ಯಜಮಾನರು ಮೆಲ್ಲಗೆ, "ಪತ್ರ ನೋಡ್ಬುಟ್ಟು ಮಾತಾಡನ ಕಣೆ" ಅಂದರು.

"ತವರಿಂದ ಬಂದದ್ದು ಅಂದ್ರೆ ಸಾಕು, ನಿಮ್ಗೆ ಅನುಮಾನ!" ಎಂದೆ. ಅವರು ಪೇಪರ್ ಅಡ್ಡ ಹಿಡಿದರು.

ಶುಕ್ರವಾರ ಹೊರಟೆವು. ತೆಂಗಿನಕಾಯಿ, ನಿಂಬೆಹಣ್ಣು, ಒಂದು ಬೂದುಗುಂಬಳಕಾಯಿ, ಹಳೇ ಸೀರೆಯಲ್ಲಿ ಸುತ್ತಿದ ಹೊಸ ಗುದ್ದಲಿ. "ಪೂಜೆಗೆ ನಾನಿಲ್ದೆ ಆದದಾ?" ಎಂದು ಪುಟ್ಟತಾಯಮ್ಮನವರೂ ರೇಷ್ಮೆ ಸೀರೆಯುಟ್ಟು ಬಸ್ಸು ಹತ್ತಿದರು. ತೆರಕಣಾಂಬಿಯ ತಿರುವಿನಲ್ಲಿ ಕುಂಬಳಕಾಯಿ ಕೈಜಾರಿ ಉರುಳಿ ಮುಂದಿನ ಬಾಗಿಲಿನವರೆಗೂ ಹೋಯಿತು.

"ಯಾರದ್ರವ್ವ ಇದು? ಇಳಿಯಂಗದೆ, ಟಿಕೆಟ್ ತಕ್ಕಂಡದಾ?" ಎಂದ ಕಂಡಕ್ಟರು.

ಸಿದ್ದರಾಜು ನಮ್ಮನ್ನು ಸೀದಾ ಸೆಂಟರಿಗೆ ಕರೆದೊಯ್ದ. "ಚಪ್ಲಿ ಆಚೆ ಬುಡಿ, ಒಳ್ಗೆ ಧೂಳಾಗ್ಬಾರ್ದು" ಅಂದ. ಪುಟ್ಟತಾಯಮ್ಮ ಚಪ್ಪಲಿ ಬಿಟ್ಟು, ಕಂಪ್ಯೂಟರಿಗೊಂದು ಕೈ ಮುಗಿದರು. ಅವನು ಏನೋ ಒತ್ತಿದ. ಪಕ್ಕದ ಡಬ್ಬಿ ಕೊಂಯ್, ಕಿರ್‌ರ್ ಎಂದು ಕಿರುಚಿಕೊಂಡಿತು. ಬಹಳ ಹೊತ್ತಾದ ಮೇಲೆ ಪರದೆಯಲ್ಲಿ ನನ್ನ ಹೆಸರು ಮೂಡಿತು. ಅದರ ಕೆಳಗೆ ಹಳದಿ ಬೋರ್ಡು. ಬೋರ್ಡಿನೊಳಗೆ ಒಬ್ಬ ಮನುಷ್ಯ ಒಂದೇ ಸಮ ನೆಲ ಅಗೆಯುತ್ತಿದ್ದ!

"ಅಯ್ಯಯ್ಯೋ! ನಿಮ್ ಸೈಟ್ನ ಯಾವನೋ ಆಗ್ಲೇ ಅಗೀತಾವ್ನಲ್ಲಮ್ಮಿ!" ಎಂದರು ಪುಟ್ಟತಾಯಮ್ಮ.

ನಾನು ಗುದ್ದಲಿ ಎತ್ತಿಕೊಂಡೆ. "ಯಾವನೋ ಅವ್ನು? ಮೊದ್ಲು ನಡಿ ಸೈಟ್ ತಾವ್ಕೆ!"

ಸಿದ್ದರಾಜು ಗುದ್ದಲಿಗೂ ಕಂಪ್ಯೂಟರಿಗೂ ನಡುವೆ ನಿಂತ. "ಅಕ್ಕಾ, ಇದೇ ಕಣಕ್ಕ ಸೈಟು! ವೆಬ್‌ಸೈಟು! ನಿನ್ ಉಪ್ಪಿನ್ಕಾಯಿ ಮಾಡೋ ಬಗೆ ಎಲ್ಲಾ ಇದ್ರಲ್ಲಿ ಹಾಕನ ಅಂತ. ಮೊದ್ಲ ಪುಟಕ್ಕೆ ಹೋಮ್ ಪೇಜ್ ಅಂತಾರೆ. ಆ ಬೊಂಬೆ ಕೆಲ್ಸ ನಡೀತಾ ಅದೆ ಅನ್ನೋ ಗುರ್ತು."

ನಾನು ಗುದ್ದಲಿ ಕೆಳಗಿಟ್ಟೆ. ಪುಟ್ಟತಾಯಮ್ಮ ಮಾತ್ರ ಗಂಭೀರವಾಗಿ ಕೇಳಿದರು: "ಇದ್ರೊಳ್ಗೆ ಶೆಡ್ ಹಾಕಾಕಾದದಾ ಮಗ?"

ಯಜಮಾನರು ಕೆಮ್ಮು ಬಂದಂತೆ ಮಾಡಿ ಹೊರಗೆ ಓಡಿದರು. ಬೀದಿಯಲ್ಲಿ ಅವರು ನಗುವುದು ಒಳಗೂ ಕೇಳಿಸುತ್ತಿತ್ತು. ಸಿದ್ದರಾಜು ಪೆಚ್ಚುಮೋರೆಯಲ್ಲಿ ಆ ಪುಟವನ್ನು ಪ್ರಿಂಟು ತೆಗೆದು ನನ್ನ ಕೈಗಿತ್ತ. ಹಕ್ಕುಪತ್ರ!

ವಾಪಸು ಬರುವಾಗ ಕುಂಬಳಕಾಯಿ ನನ್ನ ತೊಡೆಯ ಮೇಲಿತ್ತು, ಇರುವ ಮನೆಯೂ ಹೋಯಿತೆಂಬ ಭಯ ಎದೆಯಲ್ಲಿತ್ತು. ತೆರಕಣಾಂಬಿ ದಾಟಿದ ಮೇಲೆ ಧೈರ್ಯ ಮಾಡಿ ಕೇಳಿದೆ: "ಪುಟ್ಟತಾಯಮ್ಮೋರೇ, ಮನೆ... ನಿಮ್ ತಂಗಿ ಮಗ್ಳಿಗೆ..."

ಅವರ ಹೊಟ್ಟೆ ಕುಲುಕತೊಡಗಿತು. ನಗು ತಡೆಯಲಾರದೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅವ್ಳಿಗೆ ನಾನಿನ್ನೂ ಮಾತೇ ಕೊಟ್ಟಿಲ್ಲ ಕಣಮ್ಮಿ. ಮೊದ್ಲು ಸೈಟ್ ನೋಡ್ಕಬರನ ಅಂತಾನೇ ಜೊತೇಲಿ ಬಂದದ್ದು!"

ಆ ವಾರ ನಮ್ಮ ವಠಾರದ ಎಲ್ಲ ಮನೆಗಳಲ್ಲೂ ಬೂದುಗುಂಬಳಕಾಯಿ ಮಜ್ಜಿಗೆಹುಳಿ. ಮೊಳೆ ಕೀಳಲು ಹೋದರೆ ಪುಟ್ಟತಾಯಮ್ಮನೇ ತಡೆದರು. "ಇರ್ಲಿ ಬುಡು. ನಿನ್ ಸೈಟ್‌ಗೂ ಒಂದು ಜಾಗ ಬ್ಯಾಡ್ವಾ?" ಆ ಪ್ರಿಂಟನ್ನು ಅಲ್ಲೇ ತೂಗುಹಾಕಿದೆವು.

ಈಗಲೂ ಕಾಫಿಗೆ ಬಂದಾಗಲೆಲ್ಲ ಅವರು ಗೋಡೆ ನೋಡಿ ಕೇಳುತ್ತಾರೆ: "ಎಲ್ಲಿಗಂಟ ಬಂತಮ್ಮಿ, ಕೆಲ್ಸ?"

ನಾನು ಲೋಟ ಕೈಗಿಟ್ಟು ತಾಳ್ಮೆಯಿಂದಲೇ ಉತ್ತರಿಸುತ್ತೇನೆ:

"ಇನ್ನೂ ಅಗೀತಾನೇ ಅವ್ನೆ, ಪುಟ್ಟತಾಯಮ್ಮೋರೇ!"