ಶಂಕರಪಾಳಿಯ ಸಮುದ್ರೋಲ್ಲಂಘನ

ಮಂಗಳವಾರ ಬೆಳಗಿನ ಆರು ಗಂಟೆ ಹದಿನೇಳು ನಿಮಿಷಕ್ಕೆ ಅಮೋಘಸಿದ್ದ ತನ್ನ ಹೆಂಡತಿಯ ಮುಷ್ಟಿಯನ್ನು ತೂಗುತ್ತಿದ್ದ. ಬರೀ ಮುಷ್ಟಿಯಲ್ಲ, ಸಕ್ಕರೆ ತುಂಬಿದ ಮುಷ್ಟಿ. ಮೂರು ಸಲ ತೂಗಿದ. ಮೂರು ಬೇರೆ ಬೇರೆ ತೂಕ ಬಂತು.

“ಒಂದ ಕೈ, ಮೂರ ತೂಕ ಹೆಂಗ ಬರತೈತಿ?”

“ಮೊದಲನೇದು ನಿಮಗ ಹೆದರಿ ಹಿಡದದ್ದು,” ಎಂದಳು ಅನುಸೂಯಾ. “ಎರಡನೇದು ಸಿಟ್ಟಿಲೆ ಹಿಡದದ್ದು. ಮೂರನೇದು ನಿದ್ದಿಗಣ್ಣಾಗ. ಯಾವದ ಬೇಕು ಬರ್ಕೋರಿ.”

ಅಮೋಘಸಿದ್ದ ಮೂರರ ಸರಾಸರಿ ಬರೆದುಕೊಂಡ. ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಕಬ್ಬಿನ ಹಾಲು ಪರೀಕ್ಷಿಸಿ ನಿವೃತ್ತನಾದ ಬಿ.ಎಸ್ಸಿ. ಪದವೀಧರ ಆತ. (ತನ್ನ ಮದುವೆಯಲ್ಲಿ ಅಕ್ಷತೆ ಬಿದ್ದ ಗಳಿಗೆಯನ್ನು ಈಗಲೂ ನಿಮಿಷ ತಪ್ಪದೆ ಹೇಳುತ್ತಾನೆ; ತಾರೀಖು ಮಾತ್ರ ಪ್ರತಿ ವರ್ಷ ಮರೆಯುತ್ತಾನೆ.)

ಈ ತೂಕದ ಯಜ್ಞಕ್ಕೆ ಕಾರಣ ನಿಪ್ಪಾಣಿಯ ಸಮ್ಮೇದ. ದೀಪಾವಳಿಯ ಫರಾಳದ ತಿಂಡಿಗಳನ್ನು ಪಾಕೀಟು ಮಾಡಿಸಿ ಹಾಲೆಂಡಿನ ಅಂಗಡಿಗಳಿಗೆ ಕಳಿಸುವ ವ್ಯಾಪಾರಿ. ಅನುಸೂಯಾಳ ಶಂಕರಪಾಳಿ ತಿಂದವನೇ ಇದನ್ನು ಸಮುದ್ರ ದಾಟಿಸಿಯೇ ಸೈ ಎಂದ. ಆಮೇಲೆ ಪ್ರತಿ ಸಾಮಗ್ರಿಗೂ ಗ್ರಾಂ ಲೆಕ್ಕ ಕೇಳುವ ಹದಿನಾಲ್ಕು ಪುಟಗಳ ನಿಯಮಾವಳಿ ತಂದು ಮುಂದಿಟ್ಟ.

“ಕಾಕು, ಹಾಲು, ತುಪ್ಪ ನಡೆಂಗಿಲ್ರಿ. ಅವು ಇದ್ರ ಅಲ್ಲಿ ಬ್ಯಾರೇನ ಪರವಾನಗಿ ಬೇಕು. ಬಾಳ ಕೆಂಪಗೂ ಕರೀಬ್ಯಾಡ್ರಿ. ಕೆಂಪಾದಷ್ಟೂ ಒಂದ ಕೆಟ್ಟ ರಾಸಾಯನಿಕ ಹುಟ್ಟತೈತಂತ, ಅದನ್ನ ಅವರು ಅಳೀತಾರ.”

“ಹಾಲಿಲ್ಲ, ತುಪ್ಪಿಲ್ಲ, ಕೆಂಪಿಲ್ಲ,” ಎಂದು ಅನುಸೂಯಾ ಬೆರಳು ಮಡಿಸಿದಳು. “ಇದು ಶಂಕರಪಾಳಿ ಆತೋ, ಸೂತಕದ ಮನಿ ಅಡಗಿ ಆತೋ?”

ಆದರೂ ಒಪ್ಪಿದಳು. ಹನ್ನೆರಡು ಪಾಕೀಟಿನ ಮಾದರಿ ಪಾಸಾದರೆ ತಿಂಗಳಿಗೆ ಇನ್ನೂರು ಕಿಲೋ ಬೇಡಿಕೆ. ಅವಳ ಸಂಘದ ನಾಲ್ವರು ಹೆಂಗಸರು ಕಬ್ಬಿನ ಒಣಗರಿಯ ರವದಿಯಲ್ಲಿ ಕೈ ಕೊಯ್ದುಕೊಳ್ಳುವುದು ಬಿಟ್ಟು ನೆರಳಲ್ಲಿ ಕೂತು ದುಡಿಯಬಹುದು. ಅಮೋಘಸಿದ್ದನಿಗೂ ಒಂದು ಆಸೆ ಇತ್ತು. ಮಾದರಿಯ ಜೊತೆ ಕಳಿಸುವ ಅರ್ಜಿಯ ಕೊನೆಯಲ್ಲಿ ‘ಗುಣಮಟ್ಟ ಅಧಿಕಾರಿ’ ಎಂಬ ಖಾನೆ ಇತ್ತು. ಅದರ ಕೆಳಗೆ ಹಸಿರು ಶಾಯಿಯಲ್ಲಿ ಸಹಿ ಹಾಕುವುದು.

ಕರಿಯುವ ದಿನ ಆತ ಎಣ್ಣೆಯ ಬಾಣಲೆಗೆ ಉಷ್ಣಮಾಪಕ ಹಿಡಿದು ನಿಂತ. ಅನುಸೂಯಾ ಹಿಟ್ಟಿನ ಚೂರೊಂದನ್ನು ಎಣ್ಣೆಗೆ ಬಿಟ್ಟು, ಅದು ಮೇಲೆದ್ದ ರೀತಿ ನೋಡಿ, “ಈಗ,” ಎಂದಳು. ಮಾಪಕ ನೂರ ಅರವತ್ತೈದು ತೋರಿಸಿತು. ನಾಲ್ಕು ಸಲವೂ ಹಾಗೇ ಆಯಿತು. ‘ಮಾಪಕ ಸರಿಯಾಗಿ ಕೆಲಸ ಮಾಡುತ್ತಿದೆ’ ಎಂದು ಅಮೋಘಸಿದ್ದ ಬರೆದುಕೊಂಡ.

ಪಾಕೀಟು ತುಂಬುವ ಹೊತ್ತಿಗೆ ಅನುಸೂಯಾ ನೀರು ಕಾಸುವ ಒಲೆಯಿಂದ ಆರಿದ ಇದ್ದಿಲು ತಂದಳು. ಕರಿದ ತಿಂಡಿ ಊರು ದಾಟುವಾಗ ಡಬ್ಬಿಯಲ್ಲಿ ಒಂದು ಚೂರು ಇದ್ದಿಲು ಇಟ್ಟರೆ ಗಾಳಿ, ದೃಷ್ಟಿ ತಾಗುವುದಿಲ್ಲ ಎಂಬುದು ಈ ಕಡೆಯ ಪದ್ಧತಿ.

“ಒಯ್ದು ಒಲಿಗೆ ಹಾಕು,” ಎಂದ ಅಮೋಘಸಿದ್ದ.

“ಇಲ್ಲೇ ಕಬ್ಬೂರಿಗೆ ಉಂಡಿ ಒಯ್ಯೂಮುಂದ ಸುದ್ದಾ ಇಡತೀವ್ರಿ. ಇದು ಏಳು ಸಮುದ್ರ ದಾಟತೈತಿ.”

“ಸಮುದ್ರದಾಗ ಯಾವ ದೆವ್ವ ಕುಂತಿರತೈತಿ, ಶಂಕರಪಾಳಿ ಬರತಾವಂತ? ನಾ ವಿಜ್ಞಾನ ಓದಿದಾಂವ. ನನ್ನ ಸಹಿ ಇರೂ ಮಾಲಿನಾಗ ಇದ್ದಲಿ ಇರಂಗಿಲ್ಲ.”

ಅರ್ಧ ಗಂಟೆ ಮೂಢನಂಬಿಕೆಯ ಮೇಲೆ ಉಪನ್ಯಾಸವಾಯಿತು. ಅನುಸೂಯಾ ಮೊದಲ ಐದು ನಿಮಿಷಕ್ಕೇ ಇದ್ದಿಲನ್ನು ಒಲೆಯ ಬದಿಗಿಟ್ಟು ಬಂದಿದ್ದಳು. ಉಳಿದದ್ದು ಗೋಡೆ ಕೇಳಿತು.

ಆಮೇಲೆ ಪಕ್ಕದ ಮನೆಯ ಶೇವಂತಾ ಬಂದಳು. ಸಂಘದ ನಾಲ್ವರಲ್ಲಿ ಒಬ್ಬಳು. ರಾಶಿ ನೋಡಿ, “ವೈನಿ, ಬಂಗಾರದಂಗ ಆಗ್ಯಾವ ನೋಡ್ರಿ,” ಎಂದು ನಿಟ್ಟುಸಿರು ಬಿಟ್ಟಳು. ಆಕೆ ಹೊಸ್ತಿಲು ದಾಟಿ ಎಂಟು ನಿಮಿಷಕ್ಕೆ ಪಾಕೀಟು ಬೆಸೆಯುವ ಯಂತ್ರ ಕೆಟ್ಟಿತು. ರಿಪೇರಿ ಮಾಡಹೋಗಿ ಅಮೋಘಸಿದ್ದನ ಹೆಬ್ಬೆರಳು ಸುಟ್ಟಿತು. ಹನ್ನೆರಡೂ ಲೇಬಲ್ಲುಗಳು ತಲೆಕೆಳಗಾಗಿ ಅಂಟಿದವು.

ಮೂರೂ ಸ್ವತಂತ್ರ ಘಟನೆಗಳು. ಮೂರೂ ಒಟ್ಟಿಗೆ ಆಗುವ ಸಂಭವ ಎಷ್ಟೆಂದು ಅಮೋಘಸಿದ್ದ ಗುಣಿಸಿ ನೋಡಿದ. ಬಂದ ಉತ್ತರ ಅವನಿಗೆ ಹಿಡಿಸಲಿಲ್ಲ.

ಮೂರು ಗಂಟೆಗೆ ಅನುಸೂಯಾ ಸಂಘದ ಸಭೆಗೆ ಹೋದಳು. ಆತ ಬಾಗಿಲು ಮುಂದೆ ಮಾಡಿ ಒಲೆಯ ಬದಿಗೆ ಹೋದ. ಇದ್ದಿಲು ಅಂದರೆ ಇಂಗಾಲ. ಇಂಗಾಲ ತೇವ ಹೀರುತ್ತದೆ, ವಾಸನೆ ಹೀರುತ್ತದೆ. “ಇದು ದೃಷ್ಟಿಗಲ್ಲ, ತೇವಾಂಶಕ್ಕ,” ಎಂದು ಖಾಲಿ ಅಡುಗೆಮನೆಗೆ ಕೇಳುವಂತೆ ಹೇಳಿದ. ಬ್ಲೇಡಿನಿಂದ ಕೆತ್ತಿ, ತಕ್ಕಡಿಗಿಟ್ಟು, ಹನ್ನೆರಡೂ ಚೂರು ಸರಿಸಮ ಮಾಡಿ, ಪಾಕೀಟಿಗೊಂದರಂತೆ ತಳದಲ್ಲಿ ಹುದುಗಿಸಿದ. ಆಮೇಲೆ ಯಂತ್ರ ಒಂದೇ ಪೆಟ್ಟಿಗೆ ಶುರುವಾಯಿತು. (ತಂತಿ ಸಡಿಲಾಗಿತ್ತು, ಅಷ್ಟೇ.)

ಐದು ವಾರದ ಮೇಲೆ ಸಮ್ಮೇದ ವರದಿ ಹಿಡಿದು ಬಂದ. ಜಿಡ್ಡು ಸರಿ, ತೇವಾಂಶ ಸರಿ, ಆ ಕೆಟ್ಟ ರಾಸಾಯನಿಕ ಮಿತಿಯ ಅರ್ಧಕ್ಕಿಂತ ಕಡಿಮೆ.

“ಅಂದ್ರ ಪಾಸ್ ಆತಲ್ಲ?” ಎಂದಳು ಅನುಸೂಯಾ.

“ನಾಪಾಸ್ ಕಾಕು. ಪ್ರತಿ ಪಾಕೀಟಿನಾಗ ಒಂದು ಕರೀ ಪರಕೀಯ ವಸ್ತು ಸಿಕ್ಕೈತಂತ. ಇದ್ದಲಿ.”

ಎಲ್ಲರೂ ಅನುಸೂಯಾಳನ್ನು ನೋಡಿದರು. ಅನುಸೂಯಾ ತನ್ನ ಜೊತೆ ಹಿಟ್ಟು ನಾದುತ್ತ ಕೂತಿದ್ದ ಶೇವಂತಾಳನ್ನು ನೋಡಿದಳು.

“ಮಕ್ಕಳ ಆಣಿ ವೈನಿ, ನಾ ಇಟ್ಟಿಲ್ಲ,” ಎಂದಳು ಶೇವಂತಾ.

ಅಮೋಘಸಿದ್ದ ಫ್ಯಾನಿನ ರೆಕ್ಕೆ ಎಣಿಸಿದ. ಮೂರಿದ್ದವು. ಮತ್ತೊಮ್ಮೆ ಎಣಿಸಿದ.

“ಇನ್ನೊಂದ ಸಲ ಮಾದರಿ ಕಳಸಾಕ ಒಪ್ಪ್ಯಾರ,” ಎಂದ ಸಮ್ಮೇದ. “ಆದ್ರ ಇದು ಯಾರಿಂದ, ಹೆಂಗಾತು, ಬರದ ಕೊಡಬೇಕು. ಮಾಡಿದವರು ಮುಂದ ಪಾಕೀಟ ಮುಟ್ಟಂಗಿಲ್ಲ.”

ಶೇವಂತಾ ಸೆರಗಿನ ತುದಿ ಸುತ್ತತೊಡಗಿದಳು. ಅನುಸೂಯಾ ಅದನ್ನು ಸ್ವಲ್ಪ ಹೊತ್ತು ನೋಡಿದಳು.

“ನನ್ನ ಹೆಸರ ಬರಿಯೋ ತಮ್ಮಾ. ಪಾಕೀಟ ಈ ಹೆಣ್ಮಕ್ಕಳು ಮುಟ್ಟಲಿ, ನಾ ಹಿಟ್ಟ ನಾದಕೋತ ಇರ್ತೇನಿ.”

ಸಮ್ಮೇದ ಬರೆದು, ಎಲ್ಲರಿಗೂ ಕೇಳುವಂತೆ ಓದಿದ: “ನಮ್ಮ ಗುಣಮಟ್ಟ ಅಧಿಕಾರಿಗಳಾದ ಅಮೋಘಸಿದ್ದ ಅವರು ಸ್ಪಷ್ಟವಾಗಿ ನಿಷೇಧಿಸಿದ್ದರೂ, ಅವರ ಪತ್ನಿ ಅನುಸೂಯಾ ತಿಳಿವಳಿಕೆಯಿಲ್ಲದೆ ಪ್ರತಿ ಪಾಕೀಟಿನಲ್ಲಿ ಎರಡು ಗ್ರಾಂ ಇದ್ದಿಲು ಇಟ್ಟಿರುತ್ತಾರೆ.” ತಲೆ ಎತ್ತಿದ. “ಸರಿ ಆತಲ್ರಿ ಕಾಕಾ? ಸಹಿ ಮಾಡ್ರಿ.”

ಅಮೋಘಸಿದ್ದ ಹಸಿರು ಪೆನ್ನಿನ ಮುಚ್ಚಳ ತೆಗೆದ. ಅನುಸೂಯಾ ಅವನ ಕಡೆ ನೋಡದೆ ಕೈಗೆ ಮೆತ್ತಿದ್ದ ಹಿಟ್ಟು ಉಜ್ಜುತ್ತಿದ್ದಳು. ಪೆನ್ನು ಕಾಗದದ ಮೇಲೆ ಇಳಿಯಿತು, ಅಲ್ಲೇ ನಿಂತಿತು.

“ಇದು ಸರಿ ಇಲ್ಲ,” ಎಂದ.

“ಯಾವದು ಸರಿ ಇಲ್ರಿ?”

ಮೂವರೂ ಅವನನ್ನೇ ನೋಡುತ್ತಿದ್ದರು. ಅಮೋಘಸಿದ್ದ ಮುಚ್ಚಳವನ್ನು ಪೆನ್ನಿಗೆ ಹಾಕಿ, ಲ್ಯಾಬಿನಲ್ಲಿ ಫಲಿತಾಂಶ ಓದುತ್ತಿದ್ದ ಅದೇ ದನಿಯಲ್ಲಿ ಹೇಳಿದ:

“ಒಂದು ಪಾಯಿಂಟ್ ಎಂಟು ಗ್ರಾಂ.”