ಹೆಣ್ಣಿನ ಕಡೆಯವನ ಕೆಂಪು ಬೂಟು

“ನಮ್ಮ ಬಸು ಮ್ಯಾಟ್ರಿಕ್ ಪಾಸಾಗ್ಯಾನ್ರಿ, ಅದೂ ಫಸ್ಟ್ ಕ್ಲಾಸಿನ್ಯಾಗ!” ಎಂದು ಅವ್ವ ಹೇಳಿದ್ದು ಕೇಳಿ ಟೆಂಪೊದ ಕೆಳಗೆ ಮಲಗಿ ನಟ್ಟು ಬಿಗಿಯುತ್ತಿದ್ದ ನಾನು ದಿಗ್ಗನೆ ಎದ್ದೆ. ಹಣೆ ಚಾಸಿಗೆ ಬಡಿಯಿತು. ಬಸು ಅಂದರೆ ನಾನೇ. ಮ್ಯಾಟ್ರಿಕ್ ಇರಲಿ, ಹೈಸ್ಕೂಲಿನ ಬಾಗಿಲೂ ನೋಡಿಲ್ಲ. ಯಾರಿಗೆ ಹೇಳುತ್ತಿದ್ದಾಳೆ ಎಂದು ಅಲ್ಲಿಂದಲೇ ಬಗ್ಗಿ ನೋಡಿದೆ. ಕಂಡದ್ದು ಧೋತರದ ಅಂಚು, ಅದರ ಕೆಳಗೆ ಮುಖ ಕಾಣುವಷ್ಟು ಪಾಲಿಶ್ ಮಾಡಿದ ಕೆಂಪು ಬೂಟು. ನಮ್ಮ ಖಾನಾಪುರದಲ್ಲಿ ಧೋತರ ಉಟ್ಟವರು ಚಪ್ಪಲಿ ಮೆಟ್ಟುತ್ತಾರೆ. ಧೋತರದ ಕೆಳಗೆ ಇಂಥ ಬೂಟು ಹಾಕುವವನು ಪೊಲೀಸಿನವನು, ಇಲ್ಲವೇ ಅವರಿಗಿಂತ ಮೇಲಿನವನು. ನಾನು ಕಾಯುತ್ತಿದ್ದ ಮನುಷ್ಯ ಬಂದಿದ್ದ.

ಯಾಕೆ ಕಾಯುತ್ತಿದ್ದೆ ಅಂತ ಹೇಳಿಬಿಡುತ್ತೇನೆ. ನಾನು ಓಡಿಸುತ್ತಿದ್ದ ಟೆಂಪೊವನ್ನು ಅದರ ಮಾಲೀಕ ಗುಜರಿಗೆ ಹಾಕುವವನಿದ್ದ. ಹಾಕಿದರೆ ನಾನು ಮನೆಯಲ್ಲಿ ಕೂರಬೇಕು. ಅಷ್ಟರಲ್ಲಿ ಬೆಳಗಾವಿಯ ಗುಪ್ತಚರ ಆಫೀಸಿಗೆ ಡ್ರೈವರ್ ಬೇಕು ಅಂತ ಗೊತ್ತಾಯಿತು. ದೇಶದ ಗುಟ್ಟು ಕಾಯುವ, ವೈರಿಯ ಗುಟ್ಟು ಹುಡುಕುವ ಆಫೀಸು ಅದು. ಟಿಳಕವಾಡಿಯಲ್ಲಿ ಬೋರ್ಡಿಲ್ಲದ ಒಂದು ಮನೆ. ಹುಡುಕುವುದು ಹೇಗೆ ಅಂತ ನಾನು ಒದ್ದಾಡುತ್ತಿದ್ದರೆ ಆಟೋದವನು, “ಆ ಗುಪ್ತ ಆಫೀಸೇನ? ಕುಂದರ ಬಾ” ಎಂದು ಸೀದಾ ಬಾಗಿಲಿಗೆ ತಂದು ಇಳಿಸಿದ. ಒಳಗಿದ್ದ ಸಾಹೇಬರು ಗಾಡಿ ಓಡಿಸಿ ತೋರಿಸು ಅಂದರು, ತೋರಿಸಿದೆ. ಆಮೇಲೆ ನನ್ನ ಪೂರ್ತಿ ಪುರಾಣ ಕೇಳಿದರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ.

“ಡ್ರೈವರ್ ಅಂದ್ರ ಸಣ್ಣ ಕೆಲಸ ಅಂತ ತಿಳೀಬ್ಯಾಡ” ಅಂದರು ಸಾಹೇಬರು. “ಹಿಂದಿನ ಸೀಟಿನ್ಯಾಗ ನಾವು ಆಡೂ ಮಾತೆಲ್ಲಾ ನಿನ್ನ ಕಿವಿಗೆ ಬೀಳತಾವ. ಒಂದ ಮಾತ ಹೊರಗ ಹ್ವಾದ್ರ ಗಡಿ ಮ್ಯಾಲೆ ಒಬ್ಬ ಸಿಪಾಯಿ ಸಾಯತಾನ. ನಮ್ಮವರೊಬ್ಬರು ನಿನ್ನ ಊರಿಗೆ ಬಂದು ಗುಟ್ಟಾಗಿ ವಿಚಾರಸ್ತಾರ. ನೀ ಹೇಳಿದ್ದಕ್ಕೂ ಅಲ್ಲಿ ಗೊತ್ತಾಗಿದ್ದಕ್ಕೂ ತಾಳ ಕೂಡಬೇಕು. ಕೂಡಲಿಲ್ಲ ಅಂದ್ರ ನೌಕರಿ ಇಲ್ಲ. ಮನ್ಯಾಗೂ ಬಾಯಿ ಬಿಡಬ್ಯಾಡ.”

ನಾನು ಬಾಯಿ ಬಿಡಲಿಲ್ಲ. ಎಲ್ಲ ಕೆಟ್ಟದ್ದು ಅದರಿಂದಲೇ. ನಮ್ಮಲ್ಲಿ ಹುಡುಗನಿಗೆ ಹೆಣ್ಣು ಕೊಡುವ ಮುಂಚೆ ಹೆಣ್ಣಿನ ಕಡೆಯವನೊಬ್ಬ ಏನೋ ಒಂದು ನೆಪ ಮಾಡಿಕೊಂಡು ಬಂದು ಓಣಿಯಲ್ಲಿ ವಿಚಾರಿಸುತ್ತಾನೆ. ಅವನು ಯಾರೆಂದು ಗೊತ್ತಾದರೂ ಗೊತ್ತಿಲ್ಲದ ಹಾಗೆ ಇರುವುದು, ಹುಡುಗ ಎಂಥವನೇ ಇರಲಿ ಅವನನ್ನು ಮುಗಿಲಿಗೆ ಏರಿಸುವುದು ಓಣಿಯವರ ಧರ್ಮ. ಕೆಂಪು ಬೂಟಿನವನು ಹೊಲ ಕೊಳ್ಳಲು ಬಂದೆ ಅನ್ನುತ್ತಾ ಓಣಿಯೆಲ್ಲ ಸುತ್ತಿ ನಮ್ಮ ಕಟ್ಟೆಗೆ ಬಂದಿದ್ದ. ಕೇಳುವುದು ಮಾತ್ರ ಹುಡುಗ ಎಷ್ಟೊತ್ತಿಗೆ ಮನೆಗೆ ಬರುತ್ತಾನೆ, ದೋಸ್ತರು ಯಾರು, ಕುಡಿಯುತ್ತಾನೋ ಹೇಗೆ ಅಂತ! ಬಾಜು ಮನೆಯ ಹಸೀನಾ ಚಾಚಿ ಅವ್ವನ ಕಿವಿಯಲ್ಲಿ, “ಹೆಣ್ಣಿನಪ್ಪ ಅದಾನ, ಉಪ್ಪಿಟ್ಟು ಮಾಡ” ಅಂದಳು. ಅವ್ವ ಅಷ್ಟೊತ್ತಿಗೆ ರವೆ ಹುರಿದಿದ್ದಳು.

“ಹುಡುಗ ಅಂದ್ರ ಹೀರಾ ಐತ್ರಿ ಭಾಯ್, ಹೀರಾ!” ಅಂದಳು ಚಾಚಿ. “ಕುಡಿಯೂದು ಬಿಡ್ರಿ, ಚಾದಾಗ ಸಕ್ಕರಿ ಸೈತ ಹಾಕ್ಕೊಳ್ಳೂದಿಲ್ಲ.”

“ಒಬ್ಬರ ಮ್ಯಾಲೆ ಕೈ ಎತ್ತಿಲ್ರಿ” ಅಂದಳು ಅವ್ವ. “ಮಲಪ್ರಭಾ ದಂಡಿಗೆ ಕಬ್ಬಿನ ಹೊಲ ಐತ್ರಿ. ನಿಮ್ಮ ಮನಿ ಎಲ್ಲೈತ್ರಿ? ಮಕ್ಕಳೆಷ್ಟ್ರಿ?”

ಅಲ್ಲಿಗೆ ಆಟ ತಿರುಗಿತು. ತಾನು ಯಾರೆಂದು ಹೇಳುವಂತಿಲ್ಲ, ಉಪ್ಪಿಟ್ಟು ಬಿಟ್ಟು ಏಳುವಂತೆಯೂ ಇಲ್ಲ. ಪಾಪ, ಆ ಮನುಷ್ಯ ಸಿಕ್ಕಿಬಿದ್ದ. ಚಹಾ ಆರುವುದರೊಳಗೆ ಅವನ ಮನೆ ಮಹಾಂತೇಶ ನಗರದಲ್ಲಿದೆ, ಅವನಿಗೆ ಸಕ್ಕರೆ ಕಾಯಿಲೆ ಇದೆ, ಹೆಂಡತಿ ತವರಿಗೆ ಹೋದವಳು ಸಿಟ್ಟಿನಿಂದ ಬಂದಿಲ್ಲ, ಪ್ರಮೋಶನ್ ನಿಂತಿದೆ, ಇಷ್ಟೂ ಹೊರಬಿತ್ತು. ಯಾವ ದೇಶದ ಬೇಹುಗಾರರೂ ಅವನಿಂದ ಇಷ್ಟು ತೆಗೆಯುತ್ತಿರಲಿಲ್ಲ. ನನಗೆ ನಗು ಬರಬೇಕಿತ್ತು. ಆದರೆ ಅವ್ವ ಒಂದೊಂದು ಸುಳ್ಳು ಹೇಳಿದ ಹಾಗೆ ನನ್ನ ನೌಕರಿ ಒಂದೊಂದು ಗಾಲಿ ಕಳಚಿಕೊಂಡು ಹೋಗುತ್ತಿತ್ತು.

ತಡೆಯಲಾಗಲಿಲ್ಲ. ಗ್ರೀಸು ಮೆತ್ತಿದ ಮುಖದಲ್ಲೇ ಹೊರಗೆ ಬಂದೆ.

“ಅವ್ವ ಸುಳ್ಳು ಹೇಳಾಕತ್ತಾಳ್ರಿ. ನಾ ಏಳನೇ ಕ್ಲಾಸಿನ್ಯಾಗ ಫೇಲ್. ಕಬ್ಬಿನ ಹೊಲ ಬಾಜೂದವರದು, ನಮ್ಮದು ಬರೇ ಕಲ್ಲು. ಗೋವಾಕ್ಕ ಹ್ವಾದಾಗ ಕುಡೀತೇನಿ. ಇಲ್ಲಿ ಬಸ್‌ಸ್ಟ್ಯಾಂಡಿನ್ಯಾಗ ಕಂಡಕ್ಟರಗ ಹೊಡದು ಠಾಣೇದಾಗ ಕುಂತ ಬಂದೇನಿ.”

ಚಾಚಿ ನನ್ನ ಕಿವಿ ಹಿಡಿದಳು. ಅವ್ವ ಹಣೆ ಹಣೆ ಬಡಿದುಕೊಂಡು, “ಕೇಳಬ್ಯಾಡ್ರಿ, ಇವಂಗ ಜ್ವರ ನೆತ್ತಿಗೇರಿದಾವ!” ಅಂದಳು.

ಕೆಂಪು ಬೂಟಿನವನು ಉಪ್ಪಿಟ್ಟಿನ ತಾಟು ಕೆಳಗಿಟ್ಟು ನನ್ನನ್ನೇ ನೋಡಿದ. “ಕಂಡಕ್ಟರಗ ಯಾಕ ಹೊಡದಿ?”

“ಮೊದಲ ಅವ ಹೊಡದನ್ರಿ. ಕಡೀಕ ನಾ ಹೊಡದೆ.”

“ಮುಂದ ತಿಳಸ್ತೇವಿ” ಎಂದು ಅವನು ಮೀಸೆ ಒರೆಸಿಕೊಂಡು ಹೊರಟುಹೋದ. ಅವ್ವ ನನಗೆ ಆ ದಿನ ಊಟ ಹಾಕಲಿಲ್ಲ. ಕೈಗೆ ಬಂದ ಸಂಬಂಧ ಒದ್ದ ಗಂಡು ಅಂತ ಓಣಿಯಲ್ಲಿ ನನ್ನನ್ನು ಯಾರೂ ಮಾತಾಡಿಸಲಿಲ್ಲ.

ಕೆಲವು ದಿನಗಳಲ್ಲೇ ಟಿಳಕವಾಡಿಯಿಂದ ಕರೆ ಬಂತು. ಸಾಹೇಬರು ನಗುತ್ತಿದ್ದರು. “ನಿಮ್ಮ ಓಣ್ಯಾಗ ಎಲ್ಲಾರೂ ನಿನ್ನ ಸಂತನ್ನ ಮಾಡಿಬಿಟ್ಟಾರಲೇ. ನೀ ಇಲ್ಲಿ ಹೇಳಿದ್ದಕ್ಕ ತಾಳ ಕೂಡಿದ್ದು ಅಲ್ಲಿ ನೀ ಹೇಳಿದ್ದೊಂದ! ಠಾಣೇದವರನ್ನೂ ಕೇಳೇವಿ, ಖರೇ ಐತಿ. ನಾಳಿಂದ ಬಾ.”

ಗೆದ್ದೆ! ಮುಂದಿನ ವಾರ ಸರಕಾರಿ ಬಿಳಿ ಜೀಪನ್ನು ಖಾನಾಪುರ ಪೇಟೆಯ ನಡುವೆ, ಬೇಕಂತಲೇ ಸಾವಕಾಶವಾಗಿ ಹೊಡೆದೆ. ಓಣಿಯ ಮುಂದೆ ನಿಲ್ಲಿಸಿ ಎಲ್ಲರಿಗೂ ಕುಂದಾ ಹಂಚಿದೆ. ಕಿವಿ ಹಿಡಿದ ಚಾಚಿಯೇ ಜೀಪಿಗೆ ನಿಂಬೆಹಣ್ಣು ಕಟ್ಟಿ, “ನಾ ಹೇಳಿದ್ನಲ್ಲಾ, ಹೀರಾ ಅಂತ!” ಅಂದಳು. ಅವ್ವ ಕುಂದಾ ತಿನ್ನುತ್ತಾ ಅತ್ತಳು.

ಆಮೇಲೆ ಒಮ್ಮೆ ಅದೇ ಕೆಂಪು ಬೂಟಿನವರನ್ನು ಒಂದು ಹಳ್ಳಿಗೆ ಕರೆದುಕೊಂಡು ಹೋಗಿದ್ದೆ. ಇನ್ನೊಬ್ಬ ಹುಡುಗನ ಗುಪ್ತ ವಿಚಾರಣೆ. ಅವರು ಒಳಗೆ ಹೋದರು. ಒಬ್ಬ ಮುದುಕಿ ಜೀಪಿನ ಹತ್ತಿರ ಬಂದು, “ಎಲ್ಲಿಂದ ಬಂದೀರಿ ತಮ್ಮಾ, ಯಾ ಆಫೀಸು?” ಅಂದಳು. ಕೇಳಿದ್ದಕ್ಕೆ ಇದ್ದದ್ದು ಹೇಳುವುದು ನನ್ನ ಸ್ವಭಾವ. ಹೇಳಿದೆ. ಕೆಂಪು ಬೂಟಿನವರು ಹೊರಗೆ ಬರುವಷ್ಟರಲ್ಲಿ ಅರ್ಧ ಊರು ಅವರಿಗೆ ಸಲ್ಯೂಟ್ ಹೊಡೆಯಲು ನಿಂತಿತ್ತು.

ಜೀಪು ಹತ್ತಿ ಅವರು ಬಾಗಿಲು ದಡಾರನೆ ಎಳೆದುಕೊಂಡರು. ಆಮೇಲೆ, “ಬಸು, ಅವತ್ತ ಖರೇ ಹೇಳಿದ್ದಕ್ಕ ನಿನ್ನ ತಗೊಂಡ್ವಿ. ಇನ್ನೊಮ್ಮಿ ಖರೇ ಹೇಳಿದ್ರ ತಗದ ಒಗೀತೇವಿ” ಅಂದರು.

ಈಗ ನನಗೆ ಪಗಾರ ಬರುವುದು ಬಾಯಿ ಮುಚ್ಚಿಕೊಂಡಿದ್ದಕ್ಕೆ. ಆಗಲೇ ಜಾಸ್ತಿ ಹೇಳಿದೆ. ಇನ್ನು ಹೇಳುವುದೇನೂ ಇಲ್ಲ.