ಹದಿನಾಲ್ಕನೇ ಹುಳುವಿನ ತೂಕ

ಬೇಯಿಸಿದ ಅವರೆಕಾಳು ಹುಳುಗಳಿಗೆ ಮಾತ್ರ ಎಂಬ ಸುತ್ತೋಲೆ ನಮ್ಮ ಮಾಗಡಿ ಕಡೆ ಇಂದಿಗೂ ಜಾರಿಯಲ್ಲಿದೆ. ಇದನ್ನು ಕೇಳಿ ನಗುವವರು ಕಡತ ಓದದವರು. ಸುತ್ತೋಲೆಯನ್ನು ಟೈಪ್ ಮಾಡಿದವನು ನಾನೇ ಆದ್ದರಿಂದ ಅದರ ಹಿನ್ನೆಲೆ ಹೇಳುವ ಅರ್ಹತೆ ನನಗಿದೆ.

ನಾನು ಕಾಳು ಸಂರಕ್ಷಣಾ ಉಪಕಚೇರಿಯ ಗುಮಾಸ್ತ ಮುನಿಕೃಷ್ಣ. ಅಂಗನವಾಡಿಗಳಿಗೆ ಹೋಗುವ ಕಾಳಿಗೆ ಹುಳು ಬೀಳದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಕಾಳು ಮಕ್ಕಳ ಹೊಟ್ಟೆ ಸೇರಿದ ಮೇಲೆ ಏನಾಗುತ್ತದೆ ಎಂಬುದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ನಮ್ಮ ಸಾಹೇಬರಾದ ಯೋಗಾನಂದ ಅವರು ಹೋದ ವರ್ಷ ಮೂರು ದಿನದ ತರಬೇತಿಗೆ ಹೋಗಿದ್ದರು. ಅಲ್ಲಿ ಕಲಿತದ್ದನ್ನು ಬಂದವರೇ ನಮಗೆ ವಿವರಿಸಿದರು. ತಿಂದ ಪ್ರೋಟೀನನ್ನು ಅರಗಿಸಲು ಹೊಟ್ಟೆಯೊಳಗೆ ಟ್ರಿಪ್ಸಿನ್ ಎಂಬುದೊಂದು ಇರುತ್ತದೆ. ಅವರೆ, ಹುರುಳಿ ಮುಂತಾದ ಹಸಿ ಕಾಳುಗಳಲ್ಲಿ ಆ ಟ್ರಿಪ್ಸಿನ್ನನ್ನೇ ಕಟ್ಟಿಹಾಕುವ ಇನ್ನೊಂದು ವಸ್ತು ಇರುತ್ತದೆ. ಅದನ್ನು ತಿಂದ ಹುಳುವಿಗೆ ಅರಗದೆ ಅದು ಸೊರಗುತ್ತದೆ. ಗಿಡ ತನ್ನ ಬೀಜ ಕಾಯಲು ಮಾಡಿಕೊಂಡ ಏರ್ಪಾಡು ಅದು. ಚೆನ್ನಾಗಿ ಬೇಯಿಸಿದರೆ ಆ ವಸ್ತು ಹಾಳಾಗುತ್ತದೆ. ಮೂರನೇ ದಿನ ಮಧ್ಯಾಹ್ನ ಮನುಷ್ಯರ ಬಗ್ಗೆಯೂ ಒಂದು ಪಾಠ ಇತ್ತಂತೆ. ಸಾಹೇಬರು ಆ ಹೊತ್ತಿಗೆ ಕೆಂಗಲ್ ಆಂಜನೇಯನ ದರ್ಶನಕ್ಕೆ ಹೋಗಿದ್ದರು.

ಕೂಡಲೇ ಪ್ರಯೋಗ ಆರಂಭವಾಯಿತು. ಎರಡು ಡಬ್ಬಿ, ಒಂದೊಂದರಲ್ಲಿ ಇಪ್ಪತ್ತೆರಡು ಹುಳು. ಒಂದಕ್ಕೆ ಹಸಿ ಕಾಳು, ಇನ್ನೊಂದಕ್ಕೆ ಬೇಯಿಸಿದ ಕಾಳು. ಹುಳುಗಳ ಊಟಕ್ಕೆ ನಮ್ಮಲ್ಲಿ ನಮೂನೆ ಇರಲಿಲ್ಲ, ಅಂಗನವಾಡಿ ನಮೂನೆಯನ್ನೇ ತುಂಬಿದೆವು. ಅದರಲ್ಲಿ 'ತಲೆಗೆ ಐವತ್ತು ಗ್ರಾಂ' ಎಂದು ಮೊದಲೇ ಅಚ್ಚಾಗಿತ್ತು, ಮೂರು ವರ್ಷಕ್ಕೆ ಹಾಗೆಯೇ ಮಂಜೂರಾಯಿತು. ಬೇಯಿಸುವ ಹೊಣೆ ಪಕ್ಕದ ಅಂಗನವಾಡಿಯಲ್ಲಿ ಅಡುಗೆ ಮಾಡುವ ಮಾರಕ್ಕನ ಮೇಲೆ ಬಿತ್ತು. ವಾರದೊಳಗೆ ಹಸಿ ಕಾಳಿನ ಹುಳುಗಳು ಸೊರಗಿದವು, ಬೇಯಿಸಿದ್ದು ತಿಂದವು ಮೈ ತುಂಬಿಕೊಂಡವು. ಸಾಹೇಬರು ಹೇಳಿದಂತೆ ನಾನು ಟೈಪ್ ಮಾಡಿದೆ:

"ಕಾಳನ್ನು ಬೇಯಿಸುವುದರಿಂದ ಹುಳುಗಳಿಗೆ ಅನುಕೂಲವಾಗುತ್ತಿರುವುದು ಸಾಬೀತಾಗಿರುತ್ತದೆ. ಆದ್ದರಿಂದ ಅಂಗನವಾಡಿಗಳಲ್ಲಿ ಕಾಳನ್ನು ನೆನೆಸುವುದು, ಹಿದುಕಿ ಸಿಪ್ಪೆ ಬಿಡಿಸುವುದು ಹಾಗೂ ಬೇಯಿಸುವುದನ್ನು ನಿಷೇಧಿಸಿದೆ. ಹಸಿ ಕಾಳನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ ವಿತರಿಸತಕ್ಕದ್ದು. ಪ್ರಯೋಗದ ಹುಳುಗಳಿಗೆ ಈ ನಿಷೇಧ ಅನ್ವಯಿಸತಕ್ಕದ್ದಲ್ಲ."

ಸುತ್ತೋಲೆ ಹೊರಟ ಮೂರನೇ ದಿನ ಮಾರಕ್ಕ ಕಚೇರಿಗೆ ಬಂದಳು. ಸೊಂಟದ ಮೇಲೆ ಮೊಮ್ಮಗಳು ಸಿರಿ, ನಾಲ್ಕು ವರ್ಷದ್ದು, ಅದೇ ಅಂಗನವಾಡಿಯ ಮಗು. ತೂಕ ಹನ್ನೊಂದು ಕಿಲೋ ನಾನೂರು ಗ್ರಾಂ, ಅಂದರೆ ತೂಕದ ಪಟ್ಟಿಯಲ್ಲಿ ಹಳದಿ. ಹನ್ನೊಂದಕ್ಕಿಂತ ಇಳಿದರೆ ಕೆಂಪು, ರಾಮನಗರದ ಆಸ್ಪತ್ರೆಗೆ ಸೇರಿಸಬೇಕು. ಹಸಿರಿಗೆ ಬರಲು ಹನ್ನೆರಡೂವರೆ ಆಗಬೇಕು.

"ಸಾಮಿ, ಹಸಿ ಅವರೆ ಹಿಟ್ಟು ತಿಂದು ಮಕ್ಕಳಿಗೆ ಹೊಟ್ಟೆ ನುಲಿತೈತೆ. ನಮ್ಮವ್ವನ ಕಾಲದಿಂದ್ಲೂ ನೆನಸಿ, ಹಿದುಕಿ, ಬೇಯ್ಸೇ ತಿಂದಿರೋದು ನಾವು" ಎಂದಳು.

"ನಿಮ್ಮವ್ವನ ಹತ್ತಿರ ಪ್ರಯೋಗದ ವರದಿ ಇತ್ತೇನಮ್ಮ?" ಎಂದರು ಸಾಹೇಬರು.

"ವರದಿ ಇರ್ನಿಲ್ಲ ಸಾಮಿ. ಹತ್ತು ಮಕ್ಕಳಿದ್ವು."

"ಇದು ಮಕ್ಕಳ ವಿಷಯ ಅಲ್ಲ, ಕಾಳಿನ ವಿಷಯ" ಎಂದು ಹೇಳಿ ಸಾಹೇಬರು ಊಟಕ್ಕೆ ಎದ್ದರು. ಅವರ ಡಬ್ಬಿಯಲ್ಲಿ ಅಂದು ಹಿದುಕಿದ ಬೇಳೆ ಸಾರು. ನನ್ನ ಡಬ್ಬಿಯಲ್ಲೂ ಅದೇ. ಸುಳ್ಳು ಯಾಕೆ ಹೇಳಲಿ, ನಾನು ತಿನ್ನದೆ ಮುಚ್ಚಳ ಹಾಕಿಬಿಟ್ಟೆ. ಆದರೆ ಅದನ್ನು ನಮೂದಿಸಲು ಯಾವ ಕಾಲಮ್ಮೂ ಇಲ್ಲ.

ತಿಂಗಳು ಕಳೆಯಿತು. ಮಕ್ಕಳು ತಟ್ಟೆ ನೋಡಿದರೆ ಮುಖ ತಿರುಗಿಸತೊಡಗಿದವು, ಹಿಟ್ಟು ಹಾಗೇ ವಾಪಸು ಬರತೊಡಗಿತು. ಯಾರೂ ಊಟ ಕೇಳುತ್ತಿಲ್ಲವೆಂದು ಸಾಹೇಬರು ಅಂಗನವಾಡಿಯ ಬಾಗಿಲಿಗೆ 'ಹಸಿವುಮುಕ್ತ ಕೇಂದ್ರ' ಎಂಬ ಬೋರ್ಡು ಹಾಕಿಸಿದರು. ಮಾರಕ್ಕ ಮನೆಯಲ್ಲಿ ರಾಗಿ ಅಂಬಲಿ ಕುಡಿಸಿ ತಡೆದಳು, ಆದರೂ ಸಿರಿ ಹನ್ನೊಂದು ಕಿಲೋ ನೂರಕ್ಕೆ ಇಳಿದಳು.

ಆ ಭಾನುವಾರ ಕಚೇರಿಯಲ್ಲಿ ದುರ್ಘಟನೆ ನಡೆಯಿತು. ಇರುವೆಗಳು ನುಗ್ಗಿ ಎರಡೂ ಡಬ್ಬಿಯ ಹುಳುಗಳನ್ನು ಹೊತ್ತುಕೊಂಡು ಹೋದವು. ಸೋಮವಾರ ಬೆಳಿಗ್ಗೆ ಖಾಲಿ ಡಬ್ಬಿ ನೋಡಿದ ಸಾಹೇಬರು ಕುರ್ಚಿಗೆ ಒರಗಿಬಿಟ್ಟರು. ಮೂರು ವರ್ಷಕ್ಕೆ ಮಂಜೂರಾದ ಪ್ರಯೋಗ. ಹಸಿ ಕಾಳಿನ ಹುಳುಗಳು ಸೊರಗಿ ಸತ್ತವೆಂದು ಬರೆದರೆ ಆಯಿತು, ಆದರೆ ಬೇಯಿಸಿದ ಕಾಳು ತಿನ್ನಲು ಇಪ್ಪತ್ತೆರಡು ತಲೆ ಲೆಕ್ಕಕ್ಕೆ ಬೇಕೇ ಬೇಕು.

ಕಾಳು ಒಯ್ಯಲು ಬಂದಿದ್ದ ಮಾರಕ್ಕ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು.

"ಎಷ್ಟು ಹುಳ ಬೇಕು ಸಾಮಿ?"

"ಇಪ್ಪತ್ತೆರಡು."

"ನಮ್ಮ ಅಂಗನವಾಡೀಲಿ ಇಪ್ಪತ್ತೆರಡು ಅವ್ವೆ. ಬರ್ಕಳ್ಳಿ."

ಸಾಹೇಬರು ನನ್ನ ಮುಖ ನೋಡಿದರು. ನಾನು ನಿಯಮ ತೆಗೆದು ಓದಿದೆ. ಹುಳು ಎಂದರೆ ಏನು ಎಂಬ ವ್ಯಾಖ್ಯಾನ ಎಲ್ಲೂ ಇರಲಿಲ್ಲ. ತಲೆ ಇರಬೇಕು, ಕಾಳು ತಿನ್ನಬೇಕು, ತೂಕ ಬರೆಯಬೇಕು, ಅಷ್ಟೇ. ಅಂದೇ ಇಪ್ಪತ್ತೆರಡು ಖಾಲಿ ಸ್ಥಾನ ಭರ್ತಿಯಾದವು. ಸಿರಿಗೆ ಹದಿನಾಲ್ಕನೆಯದು ಸಿಕ್ಕಿತು. ಮಾರಕ್ಕ ಅವತ್ತೇ ಸಂಜೆ ಕಾಳು ನೆನೆಹಾಕಿದಳು.

ಐದು ತಿಂಗಳ ನಂತರ ಸಾಹೇಬರೇ ತಪಾಸಣೆಗೆ ಹೋದರು, ಜೊತೆಗೆ ನಾನೂ. ಅಂಗನವಾಡಿ ಹಾಜರಾತಿ ಪುಸ್ತಕದಲ್ಲಿ 'ಮಕ್ಕಳು: ಇಲ್ಲ' ಎಂದಿತ್ತು, ನಿಯಮದ ಪ್ರಕಾರ ಸರಿಯಾಗಿಯೇ ಇತ್ತು. ಸಾಹೇಬರು ಹುಳುಗಳ ಪುಸ್ತಕ ತೆರೆದು ಕರೆದರು.

"ಹದಿನಾಲ್ಕು?"

"ಇವ್ನಿ ಸಾ" ಎಂದು ಸಿರಿ ಎದ್ದು ಬಂದು ತಾನೇ ತೂಕದ ಯಂತ್ರ ಹತ್ತಿದಳು. ಬಾಯಿಯ ಸುತ್ತ ಸಾರು ಮೆತ್ತಿಕೊಂಡಿತ್ತು. ಹನ್ನೆರಡು ಕಿಲೋ ಆರುನೂರು.

"ಹಸ್ರು ಬಂತಾ ಸಾಮಿ?" ಎಂದಳು ಮಾರಕ್ಕ.

"ಹುಳುಗಳಿಗೆ ಬಣ್ಣ ಇಲ್ಲಮ್ಮ" ಎಂದು ಸಾಹೇಬರು 'ಬೆಳವಣಿಗೆ ತೃಪ್ತಿಕರ' ಎಂದು ಬರೆದು ರುಜು ಹಾಕಿದರು. ಮಾರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಅವರಿಗೂ ಒಂದು ತಟ್ಟೆ ಬಡಿಸಿದಳು. ಅವರು ಎರಡು ಸಲ ಹಾಕಿಸಿಕೊಂಡರು.

ವಿಷಯ ಕುದೂರಿನವರೆಗೂ ಹಬ್ಬಿದೆ. ತಮ್ಮ ಮಕ್ಕಳನ್ನೂ ಹುಳುವೆಂದು ಪರಿಗಣಿಸಬೇಕೆಂದು ಕೋರಿ ಈವರೆಗೆ ಮುನ್ನೂರ ಹತ್ತು ಅರ್ಜಿ ಬಂದಿವೆ, ಫೋಟೊ ಮತ್ತು ಆಧಾರ್ ಪ್ರತಿ ಸಮೇತ. ಮಂಜೂರಾಗಿರುವುದು ಇಪ್ಪತ್ತೆರಡೇ ಸ್ಥಾನ. ಹದಿನಾಲ್ಕನೆಯದು ಶಾಲೆಗೆ ಹೋಗುವುದು ಯಾವಾಗ ಎಂದು ಕೇಳಲು ಇಂದು ಬೆಳಿಗ್ಗೆ ಇಬ್ಬರು ತಾಯಂದಿರು ಮಗು ಎತ್ತಿಕೊಂಡು ಬಂದಿದ್ದಾರೆ. ಇನ್ನೂ ಒಂದೂವರೆ ವರ್ಷ ಇದೆ ಎಂದೆ. ಕಾಯುತ್ತೇವೆ ಎಂದು ಬೆಂಚಿನ ಮೇಲೆ ಕೂತಿದ್ದಾರೆ.